ಇಲಿ ಜ್ವರ: ಎಷ್ಟನೇ ದಿನಕ್ಕೆ ಯಾವ ಪರೀಕ್ಷೆ?

ಇಲಿ ಜ್ವರ ತರುವ ಲೆಪ್ಟೊಸ್ಪೈರಾ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಇಲಿ, ಹೆಗ್ಗಣಗಳ ಮೂತ್ರದಲ್ಲಿ ಹೊರಬೀಳುತ್ತದೆ. ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಒಣಗಿದರೆ ಸಾಯುತ್ತದೆ. ಇಲಿ ಕಚ್ಚಬೇಕೆಂದೇನೂ ಇಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ನಾಟಿಯ ದಿನಗಳಲ್ಲಿ ಕೆಸರಲ್ಲೇ ನಿಂತು ಬೆರಳ ಸಂದು ಬೆಳ್ಳಗಾಗಿ ಬಿರಿದಿರುತ್ತದಲ್ಲ, ಆ ಕೆಸರುಹುಣ್ಣು ಸಾಕು ಒಳನುಗ್ಗಲು.

ನನ್ನ ತಲೆ ತಿಂದದ್ದು ಬೇರೆ ಪ್ರಶ್ನೆ: ಇಷ್ಟೊಂದು ರೋಗಾಣು ಹೊತ್ತ ಇಲಿ ಆರಾಮಾಗಿ ಓಡಾಡುವುದು ಹೇಗೆ? ಅದರ ರಕ್ತದಲ್ಲಿದ್ದವನ್ನು ಪ್ರತಿಕಾಯಗಳು, ಅಂದರೆ ರೋಗಾಣು ಎದುರಿಸಲು ದೇಹ ತಯಾರಿಸುವ ಪ್ರೋಟೀನುಗಳು, ತೊಡೆದುಹಾಕುತ್ತವೆ. ಆದರೆ ಮೂತ್ರಪಿಂಡದ ಸೂಕ್ಷ್ಮನಾಳಗಳ ಒಳಗೋಡೆಗೆ ಅಂಟಿಕೊಂಡವು ಪ್ರತಿಕಾಯಗಳ ಕೈಗೆ ಸಿಗುವುದಿಲ್ಲ. ಅಲ್ಲೇ ಬೀಡುಬಿಟ್ಟು ತಿಂಗಳುಗಟ್ಟಲೆ ಮೂತ್ರಕ್ಕೆ ಇಳಿಯುತ್ತಿರುತ್ತವೆ.

ಪರೀಕ್ಷೆಯ ಲೆಕ್ಕವೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಮನುಷ್ಯನಲ್ಲೂ ಮೊದಲ ವಾರ ರೋಗಾಣು ರಕ್ತದಲ್ಲಿ. ಐದರಿಂದ ಏಳನೇ ದಿನದ ಹೊತ್ತಿಗೆ ಪ್ರತಿಕಾಯ ಹುಟ್ಟುತ್ತದೆ, ರಕ್ತ ಬರಿದಾಗುತ್ತದೆ, ಎರಡನೇ ವಾರದಿಂದ ಮೂತ್ರದಲ್ಲಿ ಕಾಣುತ್ತದೆ. ಪಿಸಿಆರ್ ಹುಡುಕುವುದು ರೋಗಾಣುವನ್ನು. ಐಜಿಎಂ ಎಲೈಸಾ ಹುಡುಕುವುದು ಪ್ರತಿಕಾಯವನ್ನು. ಜುಲೈ 1ಕ್ಕೆ ಜ್ವರ ಬಂದವರಿಗೆ 3ರಂದು ಎಲೈಸಾ ಮಾಡಿದರೆ ನೆಗೆಟಿವ್ ಬರುವುದೇ ಹೆಚ್ಚು. ಕಾಯಿಲೆ ಇಲ್ಲವೆಂದಲ್ಲ, ಪ್ರತಿಕಾಯ ಇನ್ನೂ ಹುಟ್ಟಿಲ್ಲ. ಆ ದಿನ ಬೇಕಾದದ್ದು ರಕ್ತದ ಪಿಸಿಆರ್. 10ರಂದಾದರೆ ಎಲೈಸಾ. ಪ್ರತಿಕಾಯದ ಪ್ರಮಾಣ ಅಳೆಯುವ ಮ್ಯಾಟ್ ಪರೀಕ್ಷೆಗೆ ರಕ್ತದ ಎರಡು ಮಾದರಿ ಬೇಕು, ನಡುವೆ ಸುಮಾರು ಎರಡು ವಾರ. ಎಷ್ಟು ತೆಳು ಮಾಡಿದರೂ ಪ್ರತಿಕಾಯ ಕಾಣುತ್ತದೆ ಎಂಬ ಅಳತೆ 1:100 ಇದ್ದದ್ದು 1:400 ಆದರೆ, ಅಂದರೆ ನಾಲ್ಕು ಪಟ್ಟು ಏರಿದರೆ ಖಚಿತ.

ದಿನ ಎಣಿಸುವುದು ಜ್ವರ ಬಂದಲ್ಲಿಂದ, ಗದ್ದೆಗಿಳಿದಲ್ಲಿಂದ ಅಲ್ಲ. ಇವೆರಡರ ನಡುವೆ ಸಾಮಾನ್ಯವಾಗಿ 5ರಿಂದ 14 ದಿನ ಕಳೆದಿರುತ್ತದೆ. ಹಾಗಾಗಿ ರೋಗಿಯನ್ನು ನಿನ್ನೆ ಮೊನ್ನೆಯ ಸುದ್ದಿ ಕೇಳಿ ಪ್ರಯೋಜನವಿಲ್ಲ. ‘ಜ್ವರ ಬರುವ ಹಿಂದಿನ ಎರಡು ವಾರ ಯಾರ ಗದ್ದೆಗೆ ಹೋಗಿದ್ದಿರಿ, ಅಮ್ಮ?’ ಎನ್ನಬೇಕು. ಮೀನಖಂಡ ಒತ್ತಿದರೆ ಚೀರುವಷ್ಟು ನೋವು, ಪಿಸುರಿಲ್ಲದೆ ಕೆಂಪಾದ ಕಣ್ಣು, ಇವೆರಡೂ ಇದ್ದರೆ ಅನುಮಾನ ಗಟ್ಟಿ.

ಇಲ್ಲಿನ ಉಳಿದೆರಡು ಜ್ವರಗಳು ಚುಟುಕಾಗಿ. ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲೂ ಇಲಿ ಇದೆ, ಆದರೆ ನುಸಿಗಳಿಗೆ ಊಟವಾಗಿ. ರೋಗಾಣು ತಾಯಿ ನುಸಿಯಿಂದ ಮೊಟ್ಟೆಗೇ ದಾಟುತ್ತದೆ, ಕಚ್ಚುವುದು ಮರಿ. ಕಚ್ಚಿದಲ್ಲಿ ಕಪ್ಪು ಹಕ್ಕಳೆ ಕಟ್ಟಬಹುದು. ಕಂಕುಳು, ತೊಡೆಸಂದು ನೋಡದೆ ಬಿಡಬೇಡಿ. ಇಲಿ ಜ್ವರ, ಸ್ಕ್ರಬ್ ಟೈಫಸ್ ಎರಡಕ್ಕೂ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ನಡೆಯುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಗೆ ನಡೆಯುವುದಿಲ್ಲ: ಅದು ವೈರಸ್, ಹರಡುವುದು ಉಣುಗು, ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ.