ಅಜ್ಜನ ಕುರ್ಚಿಗೆ ಅರಗಿನ ಹೊಳಪು

ನಮ್ಮ ಡೊಂಬಿವಲಿ ಮನೇಲಿ ಅಜ್ಜನ ಕಾಲದ್ದೊಂದು ಸಾಗವಾನಿ ಕುರ್ಚಿ ಇದೆ. ಕಳೆದ ಜುಲೈನಲ್ಲಿ ಅದಕ್ಕೆ ನಾನೇ ಪಾಲಿಷ್ ಹೊಡೆಯೋಕೆ ಕೂತೆ, ಹೊರಗೆ ಧೋ ಅಂತ ಮಳೆ, ಮೊದಲನೇ ಕೋಟ್ ಒಣಗೋ ಹೊತ್ತಿಗೆ ಕುರ್ಚಿ ತೋಳಿನ ಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗ್ಬಿಡ್ತು. ಹಾಳಾಯ್ತು ಅಂತ ಹೊಟ್ಟೆ ಉರೀತು. ಮಳೆ ನಿಂತ ಮೇಲೆ ಪಾಲಿಷ್ ಮಾಡೋ ಚಾಚಾ ಬಂದ್ರು, ಬಟ್ಟೆ ಉಂಡೆಗೆ ಚೂರೇ ಚೂರು ಸ್ಪಿರಿಟ್, ಅಂದ್ರೆ ಬೇಗ ಹಾರಿಹೋಗೋ ಮದ್ಯಸಾರ, ತಾಗಿಸಿ ಮೇಲ್ಮೇಲೆ ಸವರಿದ್ರು, ಬಿಳಿ ಹೋಗಿ ಕೆಳಗಿನ ಜೇನು ಬಣ್ಣ ಮತ್ತೆ ಕಾಣಿಸ್ತು.

ಅವರು ಬಳಸೋದು ಚಪಡಾ, ಅಂದ್ರೆ ನಮ್ಮ ಅರಗು. ಪಾಂಡವರ ಅರಗಿನ ಮನೆಯ ಅರಗು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಸೇರಿಸಿ ಹಚ್ಚೋ ಅರಗು. ಇದನ್ನ ಮಾಡೋದು ಕೆರಿಯಾ ಲಾಕಾ ಅನ್ನೋ ಪುಟ್ಟ ಹುಳ. ಅರ್ಧ ಮಿಲಿಮೀಟರಿನಷ್ಟಿರೋ ಕೆಂಪು ಮರಿಗಳು ಮುತ್ತುಗ, ಬೋರೆ, ಕುಸುಮ ಮರಗಳ ಎಳೇ ಕೊಂಬೆಗೆ ಸಾಲಾಗಿ ಕೂತು, ಬಾಯಿ ಚುಚ್ಚಿ ರಸ ಹೀರ್ತಾ, ತಮ್ಮ ಸುತ್ತ ಅಂಟು ಸುರಿಸ್ತಾ ಹೋಗ್ತವೆ. ಅಂಟು ಗಟ್ಟಿಯಾಗಿ ಎಲ್ಲಾ ಸೇರಿ ಕೊಂಬೆಗೆ ಒಂದೇ ಚಿಪ್ಪಾಗತ್ತೆ, ಹೆಣ್ಣು ಹುಳ ಅಲ್ಲಿಂದ ಮತ್ತೆ ಕದಲೋದೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿದ್ರೆ ಚಿಪ್ಪಿನಿಂದ ಬಿಳಿ ಮೇಣದ ಎಳೆಗಳು ಹೊರಗೆ ಚಾಚಿರೋದು ಕಾಣತ್ತೆ, ಹುಳ ಉಸಿರಾಡೋ ರಂಧ್ರ ಮುಚ್ಚಿಹೋಗದ ಹಾಗೆ ಕಾಯೋದು ಅವೇ.

ಈ ಬೆಳೆ ಹೆಚ್ಚಾಗಿರೋದು ಜಾರ್ಖಂಡ್, ಛತ್ತೀಸ್‌ಗಢದ ಕಡೆ. ರಾಂಚಿ ಹತ್ತಿರದ ನಾಮ್‌ಕುಮ್‌ನಲ್ಲಿ 1924ರಲ್ಲೇ ಅರಗಿಗೆ ಅಂತ ಸಂಶೋಧನಾ ಸಂಸ್ಥೆ ಶುರುವಾಯ್ತು. ಕೊಂಬೆಯಿಂದ ಕೆರೆದು ತೆಗೆದ ಅರಗನ್ನ ಕುಟ್ಟಿ, ಕೆಂಪು ಬಣ್ಣ ಬಿಡೋವರೆಗೂ ನೀರಲ್ಲಿ ಉಜ್ಜಿ ಉಜ್ಜಿ ತೊಳೆದು ಒಣಗಿಸಿದ್ರೆ ಕಾಳು ಕಾಳಾದ ಅರಗು ಸಿಗತ್ತೆ. ಆಮೇಲಿನ ಹಳೇ ಕೈಕೆಲಸ ನನಗೆ ಬಹಳ ದೊಡ್ಡದು ಅನ್ಸತ್ತೆ. ಮಾರುಗಟ್ಟಲೆ ಉದ್ದದ ಸಪೂರ ಬಟ್ಟೆ ಚೀಲಕ್ಕೆ ಕಾಳು ತುಂಬಿ, ಒಂದು ತುದಿಯನ್ನ ಇದ್ದಿಲ ಒಲೆ ಮುಂದೆ ಹಿಡೀತಾರೆ, ಇನ್ನೊಂದು ತುದೀಲಿ ಕೂತವರು ಚೀಲ ಹಿಂಡ್ತಾ ತಿರುಚ್ತಾರೆ, ಕರಗಿದ ಅರಗು ಬಟ್ಟೆಯಿಂದ ಸೋಸಿ ಬರತ್ತೆ, ಕಸವೆಲ್ಲ ಒಳಗೇ ಉಳಿಯತ್ತೆ. ಅದನ್ನ ಬಿಸಿನೀರು ತುಂಬಿದ ಕೊಳವೆ ಮೇಲೆ ಹರಡಿ, ಬಿಸಿ ಇರೋವಾಗಲೇ ಕೈ, ಕಾಲು, ಹಲ್ಲು ಎಲ್ಲ ಹಾಕಿ ಎಳೆದು ಕಾಗದದಷ್ಟು ತೆಳು ಹಾಳೆ ಮಾಡ್ತಾರೆ. ಆರಿದ ಮೇಲೆ ಮುರಿದ್ರೆ ಅದೇ ನಮ್ಮ ಅಂಗಡಿಗೆ ಬರೋ ಚಪಡಾ.

ಲೀಟರ್ ಸ್ಪಿರಿಟ್‌ಗೆ ಸುಮಾರು 250 ಗ್ರಾಂ ಹಾಕಿ ರಾತ್ರಿಯಿಡೀ ನೆನೆಸಿದ್ರೆ ಸಾಕು, ಒಲೆ ಹತ್ರ ಮಾತ್ರ ಬೇಡ. ಹತ್ತಿಗೆ ಹಳೇ ಪಂಚೆ ತುಂಡು ಸುತ್ತಿದ ಉಂಡೆಯಿಂದ ಚಾಚಾ ಎಂಟರ ಆಕಾರದಲ್ಲಿ ಉಜ್ತಾರೆ, ಕೈ ಒಂದು ಕ್ಷಣ ನಿಂತರೂ ಉಂಡೆ ಅಂಟಿಕೊಂಡು ಕೆಳಗಿನ ಪದರ ಕಿತ್ಕೊಂಡು ಬರತ್ತೆ, ಅದಕ್ಕೇ ಒಂದು ಹನಿ ಅಗಸೆ ಎಣ್ಣೆ ಹಾಕ್ತಾರೆ.

ಈ ಕಿತ್ಕೊಂಡು ಬರೋ ಗುಣಾನೇ ಇದರ ಶಕ್ತಿ ಕೂಡ. ಪಿಯು, ಅಂದ್ರೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ಥರದ ಪಾಲಿಷ್, ಗಟ್ಟಿಯಾಗೋವಾಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಳ್ತವೆ, ಮತ್ತೆ ಬಿಡಲ್ಲ, ಗೀರು ಬಿದ್ರೆ ಉಜ್ಜಿ ತೆಗೀಬೇಕು. ಅರಗಿನಲ್ಲಿ ಸ್ಪಿರಿಟ್ ಹಾರಿಹೋಗತ್ತೆ ಅಷ್ಟೇ, ಮತ್ತೆ ಸ್ಪಿರಿಟ್ ತಾಗಿದ್ರೆ ಹಳೇ ಪದರ ಕರಗಿ ಹೊಸದರ ಜೊತೆ ಒಂದಾಗತ್ತೆ. ನನ್ನ ಕುರ್ಚಿ ಬೆಳ್ಳಗಾಗಿದ್ದೂ ಹೀಗೇ, ಸ್ಪಿರಿಟ್ ಹಾರುವಾಗ ಮೇಲ್ಮೈ ತಣ್ಣಗಾಗಿ ಮಳೆಗಾಲದ ತೇವ ಪದರದೊಳಗೆ ಸಿಕ್ಕಿಕೊಂಡಿತ್ತು, ಸ್ಪಿರಿಟ್ ಸವರಿದಾಗ ಪದರ ಸಡಿಲಾಗಿ ಅದಕ್ಕೆ ಹೊರಗೆ ದಾರಿಯಾಯ್ತು.

ಕಲಸಿದ್ದನ್ನ ವರ್ಷಗಟ್ಟಲೆ ಇಡೋಕಾಗಲ್ಲ, ಅರಗಿನ ಆಮ್ಲಗಳು ಸ್ಪಿರಿಟ್ ಜೊತೆ ನಿಧಾನಕ್ಕೆ ಬೆರೆತು ಬೇರೆಯೇ ಆಗ್ತವೆ, ಆಮೇಲೆ ಹಚ್ಚಿದ್ದು ಒಣಗದೆ ಜಿಗುಟಾಗೇ ಇರತ್ತೆ. ಬೇಕಾದಷ್ಟೇ ಕಲಸಿ. ಬಿಸಿ ಚಹಾ ಲೋಟ, ಸೋಪಿನ ನೀರು ಎರಡೂ ಇದಕ್ಕೆ ಆಗಲ್ಲ, ನಮ್ಮಮ್ಮ ಈಗ ಕುರ್ಚಿ ಪಕ್ಕದಲ್ಲೇ ಒಂದು ಸ್ಟೂಲ್ ಇಟ್ಟಿದ್ದಾರೆ, ಲೋಟ ಅದರ ಮೇಲೇ.