ಬಗ್ಗಿಸಿದಷ್ಟೂ ಗಟ್ಟಿಯಾಗುವ ತಾಮ್ರ

ಮನೆಯಲ್ಲೇ ಒಂದು ತಾಮ್ರದ ಕಡಗ ಮಾಡಿಕೊಳ್ಳಲು ಜಾಸ್ತಿ ಸಾಮಾನೇನೂ ಬೇಡ. 2 ಮಿಲಿಮೀಟರ್ ದಪ್ಪದ ಬರಿ ತಾಮ್ರದ ತಂತಿ, ಇಕ್ಕಳ, ಸಣ್ಣ ಸುತ್ತಿಗೆ, ಒಂದು ಅರ. ಅಷ್ಟೇ. ಹಳೆ ಮೋಟಾರಿನಿಂದ ಬಿಚ್ಚಿದ ತಂತಿ ಮಾತ್ರ ಬೇಡ. ಅದರ ಮೈಗೆ ವಾರ್ನಿಶ್ ಇರುತ್ತದೆ, ಕಾಯಿಸಿದರೆ ಕೆಟ್ಟ ಹೊಗೆ.

ಮೆತ್ತನೆಯ ಹೊಸ ತಂತಿ ಮೊದಮೊದಲು ಹೇಳಿದಂತೆ ಕೇಳುತ್ತದೆ. ಬಗ್ಗಿಸಿ, ನೇರ ಮಾಡಿ, ಮತ್ತೆ ಬಗ್ಗಿಸಿ, ಸುತ್ತಿಗೆಯಲ್ಲಿ ತಟ್ಟುತ್ತಾ ಹೋದ ಹಾಗೆ ಹಟ ಶುರು. ಬಗ್ಗಿಸಿ ಕೈಬಿಟ್ಟರೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಇನ್ನೂ ಬಲವಂತ ಮಾಡಿದರೆ ಬಿರುಕು ಬಿಟ್ಟು ಮುರಿದೇ ಹೋಗುತ್ತದೆ. ಅದಕ್ಕೆ ನಾವೇನೂ ಬೆರೆಸಿಲ್ಲ ಅಲ್ವಾ? ಹಾಗಾದರೆ ಈ ಗಟ್ಟಿತನ ಎಲ್ಲಿಂದ ಬಂತು?

ತಾಮ್ರದೊಳಗೆ ಪರಮಾಣುಗಳು ಸಾಲುಸಾಲಾಗಿ, ಪದರಪದರವಾಗಿ ಕೂತಿವೆ. ಲೋಹ ಬಗ್ಗುವುದು ಅಂದರೆ ಒಂದು ಪದರ ಇನ್ನೊಂದರ ಮೇಲೆ ಜಾರುವುದು. ಇಡೀ ಪದರ ಒಟ್ಟಿಗೆ ಜಾರಬೇಕಾದರೆ ಎಷ್ಟು ಬಲ ಬೇಕು ಅಂತ ಲೆಕ್ಕ ಹಾಕಿದರೆ, ತಂತಿ ನಮ್ಮ ಕೈಗೆ ಬಗ್ಗಲೇಬಾರದು! 1934ರಲ್ಲಿ ಟೇಲರ್, ಓರೋವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿ ಒಂದೇ ಉತ್ತರ ಕೊಟ್ಟರು. ಸಾಲುಗಳಲ್ಲಿ ಅಲ್ಲಲ್ಲಿ ಕುಂದುಗಳಿವೆ, ಜಾರಾಟ ಆ ಕುಂದಿನ ಜೊತೆ ಚೂರುಚೂರೇ ಮುಂದೆ ಹೋಗುತ್ತದೆ. ಮದುವೆಮನೆಯ ದೊಡ್ಡ ಜಮಖಾನೆಯನ್ನು ಇಡಿಯಾಗಿ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕೆಬ್ಬಿಸಿ ಅದನ್ನೇ ತಳ್ಳಿಕೊಂಡು ಹೋದರೆ ಸಲೀಸು. ತಾಮ್ರದಲ್ಲಿ ಪ್ರತಿ ಏಟಿಗೂ ಇಂಥ ಸುಕ್ಕುಗಳು ಹೆಚ್ಚುತ್ತವೆ. ನಾಲ್ಕು ದಿಕ್ಕಿನಿಂದ ಬಂದು ಒಂದಕ್ಕೊಂದು ಸಿಕ್ಕಿಹಾಕಿಕೊಂಡ ಮೇಲೆ ಯಾವುದೂ ಸುಲಭವಾಗಿ ಅಲುಗುವುದಿಲ್ಲ.

ಸಿಕ್ಕು ಬಿಡಿಸಲು ಬೆಂಕಿ ಬೇಕು. ತಂತಿಯನ್ನು ಇಕ್ಕಳದಲ್ಲೇ ಹಿಡಿಯಿರಿ, ತಾಮ್ರದಲ್ಲಿ ಬಿಸಿ ಕ್ಷಣದಲ್ಲಿ ಕೈವರೆಗೂ ಹರಿದು ಬರುತ್ತದೆ. ಗ್ಯಾಸಿನ ನೀಲಿ ಉರಿಯಲ್ಲಿ ಸ್ವಲ್ಪಸ್ವಲ್ಪವೇ ಸರಿಸುತ್ತಾ ಮಂಕು ಕೆಂಪಾಗುವವರೆಗೆ ಕಾಯಿಸಬೇಕು. ಬಿಸಿಲಲ್ಲಿ ಆ ಕೆಂಪು ಕಾಣದು, ಹಾಗಾಗಿ ಕಿಟಕಿಯ ಪರದೆ ಎಳೆದುಕೊಳ್ಳುವುದು ಒಳ್ಳೆಯದು. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಾವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಈ ಬಿಸಿಗೇ ಒಳಗೆ ಕುಂದು ಕಮ್ಮಿಯಿರುವ ಹೊಸ ಹರಳುಗಳು ಬೆಳೆದು, ತಂತಿ ಮತ್ತೆ ಮೆತ್ತಗಾಗುತ್ತದೆ.

ಕೆಂಪಾದ ತಂತಿಯನ್ನು ನೀರಿಗೆ ಹಾಕಿದರೆ ಗಟ್ಟಿಯಾಗಲ್ವಾ ಅಂತ ಕೆಲವರು ಕೇಳುತ್ತಾರೆ. ಕಮ್ಮಾರ ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದುವುದು ಅದಕ್ಕೇ ತಾನೇ? ಉಕ್ಕಿನಲ್ಲಿ ಇಂಗಾಲ ಇರುವುದರಿಂದ ಅಲ್ಲಿ ಆ ಆಟ ನಡೆಯುತ್ತದೆ. ಬರಿ ತಾಮ್ರ ನೀರಿಗೆ ಬಿದ್ದರೂ ಮೆತ್ತಗೇ ಇರುತ್ತದೆ.

ಈಗ ತಂತಿ ಕರ್ರಗಾಗಿರುತ್ತದೆ. ಅದು ಗಾಳಿಯ ಆಮ್ಲಜನಕ ಸೇರಿ ಆದ ಆಕ್ಸೈಡ್. ಪೂಜೆಯ ತಂಬಿಗೆ ತೊಳೆಯುವ ಹುಣಸೆಹಣ್ಣು, ಉಪ್ಪು ಇಲ್ಲೂ ಸಾಕು. ಹುಣಸೆಯ ಟಾರ್ಟಾರಿಕ್ ಆಮ್ಲ ಆ ಪದರವನ್ನು ಕರಗಿಸುತ್ತದೆ.

ಹೀಗೆ ತಟ್ಟುವುದು, ಕಾಯಿಸುವುದು, ತೊಳೆಯುವುದು. ಆಕಾರ ಬಂದ ಮೇಲೆ ಮತ್ತೆ ಕಾಯಿಸಬೇಡಿ. ಕಬ್ಬಿಣದ ಪೈಪಿಗೆ ಸುತ್ತಿ ಮರದ ಕೊಡತಿಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿದರೆ ಕಡಗ ಬಿಗಿಯಾಗುತ್ತದೆ, ಗುರುತೂ ಬೀಳುವುದಿಲ್ಲ. ತುದಿಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡದಿದ್ದರೆ ಸೀರೆಯ ಎಳೆ ಕಿತ್ತು ಬರುವುದು ಖಂಡಿತ.

ತಾಮ್ರದ ಕಡಗ ಹಾಕಿದರೆ ಸಂಧಿವಾತ ಹೋಗುತ್ತದೆ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ತಂಡ 70 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ನೋವಿಗಾಗಲಿ, ಊತಕ್ಕಾಗಲಿ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ.

ಕಡಗದ ಕೆಳಗೆ ಚರ್ಮ ಹಸಿರಾಗುವುದು ಮಾತ್ರ ನಿಜ. ಬೆವರಿನ ಉಪ್ಪು, ಆಮ್ಲ ತಾಮ್ರದ ಜೊತೆ ಸೇರಿ ಕಿಲುಬು ಹುಟ್ಟುತ್ತದೆ. ಸೋಪಿಗೆ ಹೋಗುತ್ತದೆ. ಅದೂ ಬೇಡ ಅಂದರೆ ಒಳಮೈಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಿ. ಸವೆದಾಗ ಇನ್ನೊಂದು ಸಲ ಹಚ್ಚಬೇಕಾಗುತ್ತದೆ.