ಲೇಬಲ್ ಅವರದ್ದು, ಕಟ್ಟುವವರು ನಾವು: ಕನ್ಸಲ್ಟಿಂಗ್ ಕೆಲಸ ಕಡಲು ದಾಟಿದ ಕತೆ

ನಮ್ಮ ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಮ್ಮಂದಿರು ತುಂಬ ಜನ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರುವುದು. ಜಗಲಿಯಲ್ಲಿ ಕೂತು ಕಟ್ಟುವುದು. ಎಣಿಸಿ ಬ್ರಾಂಚಿಗೆ ಕೊಡುವುದು. ಲೇಬಲ್ ಮಾತ್ರ ಮಂಗಳೂರಿನ ಕಂಪನಿಯದ್ದು. ಈಗ ಅಂಥ ಮನೆಗಳ ಮೊಮ್ಮಕ್ಕಳು ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಕೂತು ಅಮೆರಿಕದ ಕನ್ಸಲ್ಟಿಂಗ್ ಕಂಪನಿಗಳಿಗೆ ಸ್ಲೈಡ್ ಮಾಡಿಕೊಡುತ್ತಾರೆ. ವ್ಯವಸ್ಥೆ ಹೆಚ್ಚುಕಮ್ಮಿ ಅದೇ, ಅಲ್ವಾ?

ಕನ್ಸಲ್ಟಿಂಗ್ ಎಂದರೆ ದೊಡ್ಡ ಕಂಪನಿಗಳಿಗೆ ಬುದ್ಧಿ ಹೇಳಿ ದುಡ್ಡು ತಗೊಳ್ಳುವ ಕಸುಬು. ಅದರಲ್ಲಿ ದೊಡ್ಡ ಹೆಸರಾದ ಮೆಕಿನ್ಸಿ ಕಂಪನಿ ಶಿಕಾಗೊದಲ್ಲಿ ಶುರುವಾದದ್ದು 1926ರಲ್ಲಿ. ಈ ಕಸುಬಿನ ಲಾಭದ ಗುಟ್ಟು ಸರಳ. ಮೇಲೆ ಕೆಲವೇ ಪಾರ್ಟ್ನರ್‌ಗಳು, ಕೆಳಗೆ ಕಾಲೇಜು ಮುಗಿಸಿದ ಹೊಸಬರ ಹಿಂಡು. ಕ್ಲೈಂಟ್ ಜೊತೆ ಮಾತು ಪಾರ್ಟ್ನರ್‌ದು. ಮಾಹಿತಿ ಹುಡುಕುವುದು, ಎಕ್ಸೆಲ್ ತುಂಬುವುದು, ರಾತ್ರಿ ಕೂತು ಸ್ಲೈಡ್ ಮಾಡುವುದು ಹೊಸಬರ ಪಾಲು. ಅವರ ಹೆಸರಲ್ಲಿ ಹಾಕುವ ಬಿಲ್ಲು ದೊಡ್ಡದು, ಅವರಿಗೆ ಕೊಡುವ ಸಂಬಳ ಅದಕ್ಕಿಂತ ಎಷ್ಟೋ ಕಮ್ಮಿ. ನಡುವೆ ಉಳಿದದ್ದೇ ಪಾರ್ಟ್ನರ್‌ಗಳ ಸಂಪಾದನೆ.

ಕಡಲು ದಾಟಿದ್ದು ಮೊದಲು ಸಾಫ್ಟ್‌ವೇರ್. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂತು. 1995ರಲ್ಲಿ ಇನ್ಫೋಸಿಸ್ ಮಂಗಳೂರಿನಲ್ಲಿ ಕಚೇರಿ ತೆರೆಯಿತು. ಈಗ ಅದರ ಮುಡಿಪು ಕ್ಯಾಂಪಸ್ ನಮ್ಮ ಗಡಿಯ ಹತ್ತಿರವೇ ಇದೆ. ಕೋಡ್ ಬರೆಯುವುದು ಬೇರೆ, ಸಲಹೆ ಕೊಡುವುದು ಬೇರೆ, ಅದಕ್ಕೆ ಎದುರಾ ಎದುರು ಕೂರಲೇಬೇಕು ಎಂಬ ಧೈರ್ಯ ಕನ್ಸಲ್ಟಿಂಗ್‌ನವರಿಗಿತ್ತು. ಮಾತೇನೋ ನಿಜ. ಆದರೆ ಎದುರು ಕೂರಬೇಕಾದವರು ಇಬ್ಬರೋ ಮೂವರೋ. ಉಳಿದವರು ಎಲ್ಲಿ ಕೂತರೇನು?

ಇದು ಮೆಕಿನ್ಸಿಗೂ ಗೊತ್ತಿತ್ತು. 1998ರಲ್ಲೇ ಅದು ಗುರುಗ್ರಾಮದಲ್ಲಿ ಸಂಶೋಧನೆಗೆಂದು ನಾಲೆಜ್ ಸೆಂಟರ್ ಮಾಡಿಕೊಂಡಿತು. ಎರಡು ವರ್ಷದಲ್ಲಿ, ಅಲ್ಲೇ ಪಾರ್ಟ್ನರ್ ಆಗಿದ್ದ ಮಾರ್ಕ್ ವೊಲೆನ್‌ವೈಡರ್ ಮತ್ತು ಐಬಿಎಂನ ಅಲೋಕ್ ಅಗರ್ವಾಲ್ ಸೇರಿ ಇಂಥ ಸಂಶೋಧನೆ ಮಾಡಿಕೊಡುವ ಇವ್ಯಾಲ್ಯೂಸರ್ವ್ ಎಂಬ ಕಂಪನಿ ಕಟ್ಟಿದರು. ಒಂದು ಕಂಪನಿಯ ಅಡುಗೆಮನೆಯಲ್ಲಿ ಬೇಯುತ್ತಿದ್ದದ್ದು ಈಗ ಹೋಟೆಲಿನಲ್ಲಿ ಯಾರಿಗೆ ಬೇಕಾದರೂ ಸಿಗುವಂತಾಯಿತು. ಸಣ್ಣ ಸಲಹೆಗಾರನೂ ಅಗ್ಗಕ್ಕೆ ದೊಡ್ಡ ಸಂಶೋಧನೆ ಕೊಳ್ಳಬಹುದು. ನನ್ನ ಪ್ರಕಾರ ನಿಜವಾದ ಏಟು ಬಿದ್ದದ್ದು ಇಲ್ಲಿ.

ಇನ್ನೊಂದು ಏಟು ಕೆಳಗಿಂದ ಬಂತು. 2004ರಲ್ಲಿ ಇನ್ಫೋಸಿಸ್ ಅಮೆರಿಕದಲ್ಲೇ ಕನ್ಸಲ್ಟಿಂಗ್ ಕಂಪನಿ ಶುರು ಮಾಡಿತು. ಹಳಬರೂ ಸುಮ್ನೆ ಕೂರಲಿಲ್ಲ, ಸೋಲಿಸಲು ಬಂದವರ ದಾರಿಯನ್ನೇ ಹಿಡಿದರು. ಹಳೇ ಕನ್ಸಲ್ಟಿಂಗ್ ಕಂಪನಿ ಅಕ್ಸೆಂಚರ್‌ನ ಭಾರತದ ಸಿಬ್ಬಂದಿಯೇ ಈಗ 3 ಲಕ್ಷಕ್ಕಿಂತ ಜಾಸ್ತಿ.

ಕೂಲಿ ಕಮ್ಮಿ ಇದ್ದ ಕಡೆ ಕೆಲಸ ಹರಿಯುವುದನ್ನು ನಮ್ಮವರು ಮೊದಲೇ ನೋಡಿದ್ದಾರೆ. 1960ರ ದಶಕದ ಮಾತು, ಆಗ ಕಾಸರಗೋಡು ಕಣ್ಣೂರು ಜಿಲ್ಲೆಯಲ್ಲಿತ್ತು. 1966ರ ಬೀಡಿ ಕಾರ್ಮಿಕರ ಕಾಯ್ದೆಯನ್ನು ಕೇರಳ ಜಾರಿಗೆ ತಂದಾಗ, 1968ರಲ್ಲಿ ಮಂಗಳೂರಿನ ಬೀಡಿ ಕಂಪನಿಯೊಂದು ಕಣ್ಣೂರಿನ ಕಡೆಯ ಕೆಲಸ ನಿಲ್ಲಿಸಿ ಗಡಿಯಾಚೆ ಹೋಯಿತು. ಸಾವಿರಾರು ಜನ ಬರಿಗೈಯಾದರು. ಮರುವರ್ಷ ಅವರೇ ಸೇರಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಅಲ್ಲಿ ಲೇಬಲ್ಲೂ ಕಟ್ಟುವವರದ್ದೇ ಆಯಿತು.

ಕನ್ಸಲ್ಟಿಂಗ್‌ನಲ್ಲಿ ಉಳಿದಿರುವ ತೊಡಕು ಬೇರೆ. ಎಕ್ಸೆಲ್ ತುಂಬುತ್ತಲೇ ಹೊಸಬ ಪಾರ್ಟ್ನರ್ ಆಗುವ ಪಾಠ ಕಲಿಯುತ್ತಿದ್ದ. ಏಣಿಯ ಕೆಳಗಿನ ಮೆಟ್ಟಿಲು ಗುರುಗ್ರಾಮದಲ್ಲಿ, ಮೇಲಿನದು ನ್ಯೂಯಾರ್ಕಿನಲ್ಲಿ ಎಂದಾದರೆ ಹತ್ತುವವರು ಯಾರು? ಅಷ್ಟರಲ್ಲಿ ಕ್ಲೈಂಟುಗಳೇ ಇಲ್ಲಿ ಸ್ವಂತ ಆಫೀಸು ತೆರೆದು, ಮೊದಲು ಹೊರಗಿನವರಿಂದ ಮಾಡಿಸುತ್ತಿದ್ದ ಕೆಲಸಕ್ಕೆ ತಾವೇ ಜನ ಇಟ್ಟುಕೊಳ್ಳುತ್ತಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ (ಕೆಲಸದ ವೀಸಾ) ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹಾಕಿದ ಮೇಲೆ, ಜನರನ್ನು ಅಲ್ಲಿಗೆ ಕರೆಸುವುದಕ್ಕಿಂತ ಕೆಲಸವನ್ನೇ ಇಲ್ಲಿಗೆ ಕಳಿಸುವ ಲೆಕ್ಕ ಇನ್ನೂ ಜೋರಾಗಿ ನಡೆದಿದೆ.